ದೂರದ ಅಣು ಅಪಘಾತ: ಅಯೋಡಿನ್ ಮಾತ್ರೆ ನುಂಗುವ ಮೊದಲು

ಪ್ರಶ್ನೆ: ಸಾವಿರಾರು ಕಿಲೋಮೀಟರ್ ದೂರದ ದೇಶದಲ್ಲಿ ಅಣು ವಿದ್ಯುತ್ ಸ್ಥಾವರಕ್ಕೆ ಅಪಘಾತವಾದರೆ ಅದರ ವಿಕಿರಣ ನಮ್ಮ ತನಕ ಬರುತ್ತದೆಯೇ? ಮೊಬೈಲಿನಲ್ಲಿ ಒಂದು ಸಂದೇಶ ಸುತ್ತುತ್ತಿದೆ. ಗಾಳಿ ಎರಡೇ ದಿನದಲ್ಲಿ ವಿಷ ತರುತ್ತದೆ, ಮಳೆಯಲ್ಲಿ ನೆನೆದರೆ ಕೂದಲು ಉದುರುತ್ತದೆ, ಮನೆಮಂದಿಯೆಲ್ಲ ಅಯೋಡಿನ್ ಮಾತ್ರೆ ತಗೊಳ್ಳಬೇಕು, ವರ್ಷಗಟ್ಟಲೆ ಸಮುದ್ರದ ಮೀನು ಮುಟ್ಟಬಾರದು ಅಂತೆಲ್ಲ ಅದರಲ್ಲಿದೆ. ನನ್ನ ಹೆಂಡತಿಗೆ ಈಗ ಮೂರು ತಿಂಗಳು. ನಾಲ್ಕು ವರ್ಷದ ಮಗನಿದ್ದಾನೆ. ಅತ್ತೆಗೆ ಥೈರಾಯ್ಡ್ ತೊಂದರೆ ಇದೆ. ಮಾತ್ರೆ ಈಗಲೇ ತಂದಿಡಲೇ? ಹೆದರಬೇಕೋ ಬೇಡವೋ, ನೇರವಾಗಿ ಹೇಳಿ ಡಾಕ್ಟ್ರೇ.

ಉತ್ತರ: ಮಾತ್ರೆ ಬೇಡ. ನಿಮ್ಮ ಹೆಂಡತಿಗೂ ಬೇಡ, ಮಗನಿಗೂ ಬೇಡ, ಅತ್ತೆಗಂತೂ ಬೇಡವೇ ಬೇಡ. ಮೊದಲು ಇದನ್ನು ಹೇಳಿಬಿಡುತ್ತೇನೆ, ಉಳಿದದ್ದನ್ನು ನಿಧಾನವಾಗಿ ನೋಡೋಣ. ದೂರದ ಅಪಘಾತದಲ್ಲಿ ಜನ ಕೈಯಾರೆ ತಂದುಕೊಳ್ಳುವ ತೊಂದರೆ ಶುರುವಾಗುವುದೇ ಔಷಧಿ ಅಂಗಡಿಯಿಂದ.

ಇನ್ನು ವಿಕಿರಣ ನಮ್ಮ ತನಕ ಬರುತ್ತದೆಯೇ ಎಂಬ ಪ್ರಶ್ನೆ. ದೊಡ್ಡ ಅಪಘಾತವಾದರೆ ಬರಬಹುದು. "ಇಲ್ಲ, ಬರುವುದೇ ಇಲ್ಲ" ಎಂದು ಯಾರಾದರೂ ಖಡಾಖಂಡಿತವಾಗಿ ಹೇಳಿದರೆ ನಂಬಬೇಡಿ. ಆದರೆ ಬರುವುದು ಏನು, ಎಷ್ಟು, ಯಾವ ದಾರಿಯಲ್ಲಿ ಎಂದು ಕೇಳಿ. ಈ ಮೂರನ್ನು ಬಿಟ್ಟು "ವಿಕಿರಣ ಬಂತು" ಎಂದಷ್ಟೇ ಹೇಳಿದರೆ ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ರಿಯಾಕ್ಟರಿನಿಂದ ಹೊರಟ ಕಿರಣ ನೇರವಾಗಿ ಸಾವಿರ ಕಿಲೋಮೀಟರ್ ಹಾರಿ ಬಂದು ನಮಗೆ ಬಡಿಯುವುದಿಲ್ಲ. ಅಷ್ಟು ದೂರದ ಗಾಳಿಯನ್ನು ದಾಟುವ ಶಕ್ತಿ ಆ ಕಿರಣಗಳಿಗಿಲ್ಲ. ಬರುವುದು ವಿಕಿರಣಶೀಲ ಅನಿಲ, ಮತ್ತು ಕಣ್ಣಿಗೆ ಕಾಣದಷ್ಟು ಸಣ್ಣ ಧೂಳು. ಅದು ಗಾಳಿ ಹೋದ ಕಡೆ ಹೋಗುತ್ತದೆ, ಹೋಗುತ್ತಾ ತೆಳುವಾಗುತ್ತದೆ, ಅಲ್ಲಲ್ಲಿ ನೆಲಕ್ಕೆ ಇಳಿಯುತ್ತದೆ.

1986ರ ಏಪ್ರಿಲ್ 26ರಂದು ಚೆರ್ನೋಬಿಲ್‌ನ ನಾಲ್ಕನೇ ರಿಯಾಕ್ಟರ್ ಸ್ಫೋಟಿಸಿತು. ಸೋವಿಯತ್ ಸರ್ಕಾರ ಬಾಯಿ ಬಿಡಲಿಲ್ಲ. ಎರಡು ದಿನದ ನಂತರ, ಸುಮಾರು 1,100 ಕಿ.ಮೀ. ದೂರದ ಸ್ವೀಡನ್ನಿನ ಫೋರ್ಸ್‌ಮಾರ್ಕ್ ಅಣು ಸ್ಥಾವರದಲ್ಲಿ ಒಬ್ಬ ನೌಕರ ತಪಾಸಣೆಯ ಯಂತ್ರ ದಾಟುವಾಗ ಅಲಾರಂ ಹೊಡೆದುಕೊಂಡಿತು. ನೋಡಿದರೆ ಅವನ ಬೂಟಿನಲ್ಲಿ ವಿಕಿರಣಶೀಲ ಧೂಳು. ಅಲ್ಲಿಯವರು ಮೊದಲು ತಮ್ಮದೇ ಸ್ಥಾವರ ಸೋರುತ್ತಿದೆ ಎಂದುಕೊಂಡರು. ಆಮೇಲೆ ಗೊತ್ತಾಯಿತು, ಧೂಳು ಒಳಗಿನದಲ್ಲ, ಹೊರಗಿನದು. ಮಳೆ ಬಿದ್ದ ನೆಲದಿಂದ ಅಂಟಿಕೊಂಡದ್ದು. ಅದೇ ಸಂಜೆ ಮಾಸ್ಕೋ ಅಪಘಾತವನ್ನು ಒಪ್ಪಿಕೊಂಡಿತು. ಅಂದರೆ ಧೂಳು ದೂರ ಹೋಗುತ್ತದೆ ಎಂಬುದು ನಿಜ. ಸರ್ಕಾರಗಳು ಮುಚ್ಚಿಡುತ್ತವೆ ಎಂಬುದೂ ನಿಜ. ಆದರೆ ಆ ಬೂಟಿನ ಧೂಳಿನಿಂದ ನೌಕರನಿಗೆ ಏನೂ ಆಗಲಿಲ್ಲ. ನಮ್ಮ ಯಂತ್ರಗಳು ಅಪಾಯದ ಮಟ್ಟಕ್ಕಿಂತ ಎಷ್ಟೋ ಕೆಳಗಿನದನ್ನೂ ಹಿಡಿಯುತ್ತವೆ.

ಇದು ನನಗೆ ದಿನನಿತ್ಯದ ಅನುಭವ. ನಾನು ನ್ಯೂಕ್ಲಿಯರ್ ಮೆಡಿಸಿನ್ ವೈದ್ಯ. ಥೈರಾಯ್ಡ್ ಕ್ಯಾನ್ಸರ್ ಆದವರಿಗೆ ಆಪರೇಷನ್ ನಂತರ ನಾವು ಅಯೋಡಿನ್-131 ಕೊಡುತ್ತೇವೆ. ಅಣು ಅಪಘಾತದಲ್ಲಿ ಎಲ್ಲರೂ ಹೆದರುವ ಅದೇ ವಸ್ತು. ಒಂದು ಸಲಕ್ಕೆ ಕೊಡುವುದು ಹಲವೊಮ್ಮೆ 370 ಕೋಟಿ ಬೆಕೆರಲ್. ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಒಂದು ಬೆಕೆರಲ್. ಆ ರೋಗಿಗಳು ವಾರಗಳ ನಂತರ ವಿಮಾನ ನಿಲ್ದಾಣಕ್ಕೆ ಹೋದರೂ ಅಲ್ಲಿನ ಅಲಾರಂ ಕೂಗುವುದುಂಟು. ಅದಕ್ಕೇ ಒಂದು ಪತ್ರ ಬರೆದು ಕೈಯಲ್ಲಿ ಕೊಟ್ಟು ಕಳಿಸುತ್ತೇವೆ.

ಈಗ ಇನ್ನೊಂದು ಅಂಕಿ ನೋಡಿ. 2011ರ ಮಾರ್ಚ್ 11ರ ಭೂಕಂಪ ಮತ್ತು ಸುನಾಮಿಯ ನಂತರ ಜಪಾನಿನ ಫುಕುಶಿಮಾ ಅಣು ಸ್ಥಾವರದಲ್ಲಿ ರಿಯಾಕ್ಟರುಗಳು ಕರಗಿದವು. ಒಂದು ವಾರದೊಳಗೆ ಧೂಳು ಪೆಸಿಫಿಕ್ ಸಾಗರ ದಾಟಿ ಅಮೆರಿಕ ಮುಟ್ಟಿತು. ಮಾರ್ಚ್ 25ರಂದು ವಾಷಿಂಗ್ಟನ್ ರಾಜ್ಯದ ಸ್ಪೋಕೇನ್‌ನಲ್ಲಿ ತೆಗೆದ ಹಾಲಿನ ಮಾದರಿಯಲ್ಲಿ ಅಯೋಡಿನ್-131 ಸಿಕ್ಕಿತು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. ಎಷ್ಟು ಸಿಕ್ಕಿತು? ಲೀಟರಿಗೆ ಸುಮಾರು 0.03 ಬೆಕೆರಲ್. ಹಾಲನ್ನು ತಡೆಹಿಡಿಯಬೇಕೆಂದು ಅಲ್ಲಿನ ಆಹಾರ ಇಲಾಖೆ ಇಟ್ಟಿದ್ದ ಮಟ್ಟಕ್ಕಿಂತ 5,000 ಪಟ್ಟಿಗೂ ಕಡಿಮೆ. "ಹಾಲಿನಲ್ಲಿ ವಿಕಿರಣ ಪತ್ತೆ" ಎಂಬ ತಲೆಬರಹ ಸುಳ್ಳಲ್ಲ. ಸುಮ್ನೆ ಅರ್ಧ ಮಾತ್ರ ಹೇಳಿತು, ಅಷ್ಟೆ.

ರಿಯಾಕ್ಟರಿನಲ್ಲಿ ನೂರಾರು ಬಗೆಯ ವಿಕಿರಣಶೀಲ ವಸ್ತುಗಳಿದ್ದರೂ ದೂರದವರ ಮಟ್ಟಿಗೆ ಮುಖ್ಯವಾದವು ಎರಡು. ಒಂದು ಅಯೋಡಿನ್-131. ಎಂಟು ದಿನಕ್ಕೆ ಅರ್ಧವಾಗುತ್ತದೆ, ಹದಿನಾರು ದಿನಕ್ಕೆ ಕಾಲು, ಎಂಬತ್ತು ದಿನಕ್ಕೆ ಸಾವಿರದಲ್ಲಿ ಒಂದು ಪಾಲು. ಇನ್ನೊಂದು ಸೀಸಿಯಂ-137. ಅದು ಅರ್ಧವಾಗಲು 30 ವರ್ಷ ಬೇಕು. ಕ್ಸೆನಾನ್‌ನಂಥ ಅನಿಲಗಳು ಎಲ್ಲಕ್ಕಿಂತ ದೂರ ಹೋಗುತ್ತವೆ, ಆದರೆ ದೇಹದಲ್ಲಿ ನಿಲ್ಲುವುದಿಲ್ಲ. ಅವು ವಿಜ್ಞಾನಿಗಳಿಗೆ ಸುಳಿವು, ನಮಗೆ ತೊಂದರೆಯಲ್ಲ.

ಅಯೋಡಿನ್ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಿಮ್ಮ ಅರ್ಧ ಭಯ ಅಲ್ಲೇ ಇದೆ.

ಥೈರಾಯ್ಡ್ ಗ್ರಂಥಿಗೆ ಹಾರ್ಮೋನ್ ತಯಾರಿಸಲು ಅಯೋಡಿನ್ ಬೇಕು. ಸಾಮಾನ್ಯ ಅಯೋಡಿನ್ ಯಾವುದು, ವಿಕಿರಣಶೀಲ ಯಾವುದು ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಎರಡನ್ನೂ ಎಳೆದುಕೊಳ್ಳುತ್ತದೆ. ನಾವು ಚಿಕಿತ್ಸೆಗೆ ಮೊದಲು ಒಂದೆರಡು ವಾರ ಅಯೋಡಿನ್ ಉಪ್ಪು, ಸಮುದ್ರದ ಮೀನು ಎಲ್ಲ ಬಿಡಿಸುತ್ತೇವೆ. ಗ್ರಂಥಿ ಹಸಿದಿದ್ದರೆ ನಾವು ಕೊಟ್ಟದ್ದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಅಯೋಡಿನ್ ಮಾತ್ರೆ ಮಾಡುವುದು ಇದಕ್ಕೆ ತದ್ವಿರುದ್ಧ ಕೆಲಸ. ಒಮ್ಮೆಗೇ ಹೊಟ್ಟೆ ಬಿರಿಯುವಷ್ಟು ಉಣ್ಣಿಸಿ ಗ್ರಂಥಿಯ ಬಾಗಿಲು ಒಂದು ದಿನದ ಮಟ್ಟಿಗೆ ಮುಚ್ಚಿಸುವುದು. ದೊಡ್ಡವರಿಗೆ 130 ಮಿಲಿಗ್ರಾಂ ಪೊಟ್ಯಾಸಿಯಂ ಅಯೋಡೈಡ್, ಅಂದರೆ 100 ಮಿಲಿಗ್ರಾಂ ಅಯೋಡಿನ್. ನಮಗೆ ದಿನಕ್ಕೆ ಬೇಕಾದ ಅಯೋಡಿನ್‌ಗಿಂತ 600 ಪಟ್ಟಿಗೂ ಜಾಸ್ತಿ.

ಸಮಯಕ್ಕೆ ಸರಿಯಾಗಿ ಕೊಟ್ಟರೆ ಇದು ಒಳ್ಳೆಯ ಔಷಧಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹೀಗಿದೆ: ವಿಕಿರಣಶೀಲ ಗಾಳಿ ತಲುಪುವ ಮುಂಚಿನ 24 ಗಂಟೆಯೊಳಗೆ ಅಥವಾ ತಲುಪಿದ ಎರಡು ಗಂಟೆಯೊಳಗೆ ತೆಗೆದುಕೊಂಡರೆ ಅತ್ಯುತ್ತಮ, ಎಂಟು ಗಂಟೆಯವರೆಗೂ ಪರವಾಗಿಲ್ಲ, 24 ಗಂಟೆ ಕಳೆದ ಮೇಲೆ ತಗೊಂಡರೆ ಉಪಕಾರಕ್ಕಿಂತ ಅಪಕಾರವೇ ಜಾಸ್ತಿಯಾಗಬಹುದು. ನಲವತ್ತು ದಾಟಿದವರಿಗೆ ಇದರಿಂದ ಸಿಗುವ ಲಾಭ ಕಡಿಮೆ. ಹಾಗಾಗಿ ಇದು ಸ್ಥಾವರದ ಸುತ್ತಮುತ್ತಲಿನವರಿಗೆ, ಅದರಲ್ಲೂ ಮಕ್ಕಳಿಗೆ ಮತ್ತು ಗರ್ಭಿಣಿಯರಿಗೆ, ಅಧಿಕಾರಿಗಳು "ಈಗ ತಗೊಳ್ಳಿ" ಎಂದಾಗ ಕೊಡುವ ಔಷಧಿ. ಸೀಸಿಯಂ ವಿರುದ್ಧ ಇದು ಏನೂ ಮಾಡುವುದಿಲ್ಲ. ವಿಕಿರಣಕ್ಕೆಲ್ಲ ಇದೇ ಮದ್ದು ಎಂಬುದು ಶುದ್ಧ ಸುಳ್ಳು.

ಅಪಾಯವಿಲ್ಲದ ಕಡೆ ನುಂಗಿದರೆ? ನಿಮ್ಮ ಹೆಂಡತಿಗೆ ಮೂರು ತಿಂಗಳು ಎಂದಿರಿ. ಹೊಟ್ಟೆಯಲ್ಲಿರುವ ಮಗುವಿನ ಥೈರಾಯ್ಡ್ ಕೆಲಸ ಶುರು ಮಾಡುವುದೇ ಹೆಚ್ಚುಕಡಿಮೆ ಈ ಹೊತ್ತಿಗೆ. ತಾಯಿ ವಿಪರೀತ ಅಯೋಡಿನ್ ತಗೊಂಡರೆ ಅದು ಮಗುವಿಗೂ ಹೋಗಿ, ಈಗಷ್ಟೇ ಶುರುವಾದ ಆ ಗ್ರಂಥಿಯನ್ನು ಕುಗ್ಗಿಸಬಹುದು. ನಿಮ್ಮ ಅತ್ತೆಯಂಥವರಲ್ಲಿ ಗ್ರಂಥಿ ಕೆರಳಿ ಹಾರ್ಮೋನ್ ಏರಬಹುದು, ಇಲ್ಲವೇ ಇಳಿಯಬಹುದು. ಎದೆ ಬಡಿತ ಏರುಪೇರಾದರೆ ವಯಸ್ಸಾದವರಿಗೆ ಅದು ತಮಾಷೆಯಲ್ಲ.

ಮಾತ್ರೆ ಸಿಗದಿದ್ದಾಗ ಜನ ಬೇರೆ ದಾರಿ ಹುಡುಕುತ್ತಾರೆ. ಫುಕುಶಿಮಾ ಆದಾಗ ಚೀನಾದಲ್ಲಿ ಜನ ಅಯೋಡಿನ್ ಉಪ್ಪಿಗೆ ಮುಗಿಬಿದ್ದು ಅಂಗಡಿ ಖಾಲಿ ಮಾಡಿದರು. ಲೆಕ್ಕ ಹಾಕಿ ನೋಡಿ. ಒಂದು ಕಿಲೋ ಉಪ್ಪಿನಲ್ಲಿ ಇರುವುದು 20ರಿಂದ 40 ಮಿಲಿಗ್ರಾಂ ಅಯೋಡಿನ್. ಒಂದು ಮಾತ್ರೆಗೆ ಸಮ ಬರಬೇಕೆಂದರೆ ಎರಡೂವರೆಯಿಂದ ಐದು ಕಿಲೋ ಉಪ್ಪನ್ನು ಒಂದೇ ಸಲ ತಿನ್ನಬೇಕು. ವಿಕಿರಣಕ್ಕಿಂತ ಮೊದಲು ಉಪ್ಪೇ ಕೊಲ್ಲುತ್ತದೆ. ಫಿಲಿಪ್ಪೀನ್ಸ್‌ನಲ್ಲಿ ಬಿಬಿಸಿ ಹೆಸರಿನಲ್ಲಿ ಒಂದು ಸುಳ್ಳು ಸಂದೇಶ ಹರಿದಾಡಿತು: ಮಳೆ ಬಂದರೆ ಮನೆಯೊಳಗಿರಿ, ಕುತ್ತಿಗೆಗೆ ಬೆಟಾಡಿನ್ ಹಚ್ಚಿಕೊಳ್ಳಿ. ಗಾಯದ ಔಷಧಿ ಚರ್ಮದ ಮೇಲೆ ಹಚ್ಚಿದರೆ ಗ್ರಂಥಿ ತುಂಬುವುದಿಲ್ಲ, ಕುಡಿದರೆ ವಿಷ. ನಿಮಗೆ ಬಂದ ಸಂದೇಶ ಅದರ ಮೊಮ್ಮಗ ಇದ್ದ ಹಾಗಿದೆ.

ಹಾಗಾದರೆ ಅಯೋಡಿನ್ ಎಂದೂ ಯಾರನ್ನೂ ಕಾಡಿಲ್ಲವೇ? ಕಾಡಿದೆ. ಇಲ್ಲಿ ನಾನು ಸಮಾಧಾನದ ಮಾತು ಆಡುವುದಿಲ್ಲ. ಚೆರ್ನೋಬಿಲ್ ಸುತ್ತಲಿನ ಬೆಲಾರುಸ್, ಉಕ್ರೇನ್ ಮತ್ತು ರಷ್ಯಾದ ಕೆಲವು ಪ್ರಾಂತ್ಯಗಳಲ್ಲಿ ಆಗ ಮಕ್ಕಳಾಗಿದ್ದವರಲ್ಲಿ 2005ರ ಹೊತ್ತಿಗೆ 6,000ಕ್ಕೂ ಹೆಚ್ಚು ಥೈರಾಯ್ಡ್ ಕ್ಯಾನ್ಸರ್ ದಾಖಲಾದವು. ಅದರಲ್ಲಿ ದೊಡ್ಡ ಪಾಲಿಗೆ ಕಾರಣ ಹಾಲು. ಧೂಳು ಹುಲ್ಲಿನ ಮೇಲೆ ಕೂತಿತು. ಹಸು ಇಡೀ ದಿನ ಬಯಲೆಲ್ಲ ಮೇಯ್ದು ಅದನ್ನು ಒಟ್ಟುಮಾಡಿತು. ಎರಡು ಮೂರು ದಿನದೊಳಗೆ ಅದು ಹಾಲಿಗೆ ಇಳಿಯಿತು. ಮಕ್ಕಳು ಹಾಲು ಜಾಸ್ತಿ ಕುಡಿಯುತ್ತಾರೆ, ಅವರ ಗ್ರಂಥಿಯೋ ಪುಟ್ಟದು. ಅಷ್ಟೇ ಅಯೋಡಿನ್ ಪುಟ್ಟ ಗ್ರಂಥಿಯಲ್ಲಿ ಸೇರಿದರೆ ಪೆಟ್ಟು ಹಲವು ಪಟ್ಟು. ಸರ್ಕಾರ ಮೊದಲ ದಿನವೇ "ಈ ಹಾಲು ಕೊಡಬೇಡಿ" ಎಂದಿದ್ದರೆ ಬಹುಪಾಲು ತಪ್ಪುತ್ತಿತ್ತು. ಎಂಟು ದಿನಕ್ಕೆ ಅರ್ಧವಾಗುವ ವಸ್ತುವಿಗೆ ಕೆಲವು ವಾರ ಹಾಲಿನ ಪುಡಿ ಬಳಸಿದ್ದರೆ ಸಾಕಿತ್ತು. ಪಕ್ಕದ ಪೋಲೆಂಡ್ ಸುಮ್ಮನೆ ಕೂರಲಿಲ್ಲ. ತನ್ನದೇ ಯಂತ್ರಗಳು ತೋರಿಸಿದ್ದನ್ನು ನೋಡಿ ಏಪ್ರಿಲ್ 29ರಿಂದಲೇ ಸುಮಾರು 1 ಕೋಟಿ 5 ಲಕ್ಷ ಮಕ್ಕಳಿಗೆ ಅಯೋಡಿನ್ ಕುಡಿಸಿತು, ಹುಲ್ಲು ಮೇಯ್ದ ಹಸುಗಳ ಹಾಲಿಗೆ ತಡೆ ಹಾಕಿತು. ವಿಕಿರಣಕ್ಕಿಂತ ಬಾಯಿಮುಚ್ಚಿಕೊಂಡ ಅಧಿಕಾರಿಗಳ ಮೇಲೆ ನನಗೆ ಜಾಸ್ತಿ ಸಿಟ್ಟಿರುವುದು ಇದಕ್ಕೇ.

ದೂರ ಎಂದರೆ ಎಷ್ಟು ದೂರ? ದೊಡ್ಡ ರಿಯಾಕ್ಟರುಗಳಿಗೆ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಒಂದು ಅಳತೆ ಕೊಟ್ಟಿದೆ. ತುರ್ತಾಗಿ ಜನರನ್ನು ಕಾಪಾಡುವ ಕ್ರಮಕ್ಕೆ 15ರಿಂದ 30 ಕಿ.ಮೀ., ನೆಲ ಅಳೆದು ನೋಡಿ ಮುಂದಿನ ತೀರ್ಮಾನಕ್ಕೆ 100 ಕಿ.ಮೀ., ಹಾಲು, ಸೊಪ್ಪು, ನೀರಿನ ಮೇಲೆ ಕಣ್ಣಿಡಲು 300 ಕಿ.ಮೀ. ಫುಕುಶಿಮಾದಿಂದ ಸುಮಾರು 220 ಕಿ.ಮೀ. ದೂರದ ಟೋಕಿಯೋದಲ್ಲಿ 2011ರ ಮಾರ್ಚ್ 23ರಂದು ಒಂದು ನೀರು ಶುದ್ಧೀಕರಣ ಘಟಕದಲ್ಲಿ ಲೀಟರಿಗೆ 210 ಬೆಕೆರಲ್ ಅಯೋಡಿನ್ ಸಿಕ್ಕಿತು. ಶಿಶುಗಳಿಗೆ ಅಲ್ಲಿ ಇಟ್ಟಿದ್ದ ಮಿತಿ 100, ದೊಡ್ಡವರಿಗೆ 300. ಶಿಶುಗಳಿಗೆ ನಲ್ಲಿ ನೀರು ಕೊಡಬೇಡಿ ಎಂದರು, ಬಾಟಲಿ ನೀರು ಹಂಚಿದರು, ಮರುದಿನವೇ ಮಟ್ಟ ಇಳಿದು ಎಚ್ಚರಿಕೆ ಹಿಂದೆಗೆದರು. ನಡೆದುಕೊಳ್ಳಬೇಕಾದ ರೀತಿ ಇದು.

ಆದರೆ ಬರೀ ಕಿಲೋಮೀಟರ್ ನಂಬಿ ಕೂರಬೇಡಿ. ಸಾವಿರಾರು ಕಿಲೋಮೀಟರ್ ಆಚೆಯೂ ಒಂದು ವಿಷಯ ಆಟ ಕೆಡಿಸಬಲ್ಲದು. ಅದು ಮಳೆ. ಧೂಳು ತುಂಬಿದ ಗಾಳಿ ತಲೆಯ ಮೇಲೆ ಹಾದುಹೋಗುವಾಗಲೇ ಜೋರು ಮಳೆ ಬಂದರೆ ಅಷ್ಟನ್ನೂ ತೊಳೆದು ಅಲ್ಲೇ ಇಳಿಸುತ್ತದೆ. ಚೆರ್ನೋಬಿಲ್‌ನಿಂದ 2,000 ಕಿ.ಮೀ.ಗೂ ದೂರದ ವೇಲ್ಸ್ ಮತ್ತು ಇಂಗ್ಲೆಂಡಿನ ಕಂಬ್ರಿಯಾ ಗುಡ್ಡಗಳಲ್ಲಿ 1986ರ ಮೇ ಮೊದಲ ವಾರ ಹೀಗೇ ಆಯಿತು. ಆ ಗುಡ್ಡದ ನೆಲ ಜೌಗು ಮಣ್ಣು. ಜೇಡಿ ಮಣ್ಣಾಗಿದ್ದರೆ ಸೀಸಿಯಂ ಅನ್ನು ಹಿಡಿದು ಕೂರಿಸುತ್ತಿತ್ತು. ಇದು ಬಿಟ್ಟುಕೊಡುತ್ತಲೇ ಹೋಯಿತು. ಮಣ್ಣಿನಿಂದ ಹುಲ್ಲಿಗೆ, ಹುಲ್ಲಿನಿಂದ ಕುರಿಗೆ, ಕುರಿಯಿಂದ ಮತ್ತೆ ಮಣ್ಣಿಗೆ. ಅಲ್ಲಿನ ಕುರಿಗಳನ್ನು ಪರೀಕ್ಷಿಸದೆ ಮಾಂಸಕ್ಕೆ ಮಾರಬಾರದು ಎಂಬ ನಿಯಮ ಪೂರ್ತಿ ತೆಗೆದದ್ದು 2012ರಲ್ಲಿ. 26 ವರ್ಷ! ಕುರಿಯನ್ನು ಗುಡ್ಡದಿಂದ ಇಳಿಸಿ ಬೇರೆ ಹುಲ್ಲುಗಾವಲಿಗೆ ಬಿಟ್ಟರೆ ಕೆಲವೇ ವಾರದಲ್ಲಿ ಸೀಸಿಯಂ ಇಳಿದುಹೋಗುತ್ತಿತ್ತು. ಜನರ ಆರೋಗ್ಯಕ್ಕೆ ಅಲ್ಲಿ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ, ಪೆಟ್ಟು ಬಿದ್ದದ್ದು ಕುರಿ ಸಾಕುವವರ ಕಿಸೆಗೆ.

ಮಳೆಯಲ್ಲಿ ನೆನೆದರೆ ಕೂದಲು ಉದುರುವ ಮಾತಿಗೆ ಬರೋಣ. ಕೂದಲು ಉದುರಬೇಕಾದರೆ ತಲೆಗೆ ಒಮ್ಮೆಗೇ ಸುಮಾರು 3,000 ಮಿಲಿಸೀವರ್ಟ್ ಬೀಳಬೇಕು. ದೇಹಕ್ಕೆ ಎಷ್ಟು ವಿಕಿರಣ ಬಿತ್ತು ಎಂದು ಅಳೆಯುವುದು ಮಿಲಿಸೀವರ್ಟ್‌ನಲ್ಲಿ. ಮಣ್ಣು, ಕಲ್ಲು, ಗಾಳಿ, ಆಕಾಶ, ಆಹಾರ ಎಲ್ಲದರಿಂದ ಪ್ರತಿಯೊಬ್ಬರಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಸುಮ್ನೆ ಬೀಳುತ್ತಲೇ ಇರುತ್ತದೆ. ಹೊಟ್ಟೆಯ ಒಂದು ಸಿ.ಟಿ. ಸ್ಕ್ಯಾನ್‌ಗೆ ಎಂಟು ಹತ್ತು. ಚೆರ್ನೋಬಿಲ್‌ನಲ್ಲಿ ವಿಕಿರಣದಿಂದ ಕೂಡಲೇ ಕಾಯಿಲೆ ಬಿದ್ದವರು 134 ಮಂದಿ, ಎಲ್ಲರೂ ಸ್ಥಾವರದ ಕೆಲಸಗಾರರು ಮತ್ತು ಬೆಂಕಿ ಆರಿಸಲು ಹೋದವರಂಥ ತುರ್ತು ಸಿಬ್ಬಂದಿ. ಅವರಲ್ಲಿ 28 ಜನ ಕೆಲವೇ ತಿಂಗಳಲ್ಲಿ ತೀರಿಕೊಂಡರು. ಪಕ್ಕದ ಊರಿನ ಸಾಮಾನ್ಯ ಜನರಲ್ಲಿ ಒಬ್ಬರಿಗೂ ಆ ಕಾಯಿಲೆ ಬರಲಿಲ್ಲ. ದೂರದ ಮಳೆಯಿಂದ ಕೂದಲು ಉದುರುವುದು ಎಲ್ಲಿಂದ ಬಂತು?

ದೂರದವರಿಗೆ ಇರುವುದು ಬೇರೆ ತರಹದ ಅಪಾಯ: ಮುಂದೆ ಎಂದೋ ಕ್ಯಾನ್ಸರ್ ಬರುವ ಸಾಧ್ಯತೆ ತುಸು ಏರುವುದು. ವಿಶ್ವಸಂಸ್ಥೆಯ ವಿಕಿರಣ ಸಮಿತಿಯ ಲೆಕ್ಕದಂತೆ ಚೆರ್ನೋಬಿಲ್‌ನಿಂದ ದೂರದ ಯೂರೋಪಿನ ದೇಶಗಳ ಜನರಿಗೆ ಇಪ್ಪತ್ತು ವರ್ಷದಲ್ಲಿ ಸರಾಸರಿ ಬಿದ್ದದ್ದು 0.3 ಮಿಲಿಸೀವರ್ಟ್. ಅದೇ ಇಪ್ಪತ್ತು ವರ್ಷದಲ್ಲಿ ನೆಲ ಮತ್ತು ಆಕಾಶದಿಂದ ಬಿದ್ದದ್ದು ಸುಮಾರು 48. ವಿಕಿರಣ ಸುರಕ್ಷತೆಯಲ್ಲಿ ನಾವು ಬಳಸುವ ಎಚ್ಚರಿಕೆಯ ಲೆಕ್ಕ ಹಿಡಿದರೆ 0.3 ಮಿಲಿಸೀವರ್ಟ್‌ನಿಂದ ಲಕ್ಷದಲ್ಲಿ ಒಬ್ಬರಿಬ್ಬರಿಗೆ ಜೀವಮಾನದಲ್ಲಿ ಕ್ಯಾನ್ಸರ್‌ನಿಂದ ಹಾನಿಯಾಗಬಹುದು. ಜಗತ್ತಿನ ಆರು ಸಾವಿನಲ್ಲಿ ಒಂದು ಹೇಗೂ ಕ್ಯಾನ್ಸರ್‌ನದೇ. ಆ ರಾಶಿಯೊಳಗೆ ಈ ಒಬ್ಬರಿಬ್ಬರನ್ನು ಯಾವ ಅಧ್ಯಯನವೂ ಗುರುತಿಸಲಾರದು. ಈ ಸಣ್ಣ ಅಂಕಿಯನ್ನು 50 ಕೋಟಿ ಜನಕ್ಕೆ ಗುಣಿಸಿ ಸಾವಿರಾರು ಸಾವು ಎಂದು ಕೆಲವರು ಹೇಳುತ್ತಾರೆ. ಗುಣಾಕಾರ ತಪ್ಪಲ್ಲ. ಆದರೆ ಹೀಗೆ ಸಾವು ಎಣಿಸಲು ಆ ಲೆಕ್ಕ ಬಳಸಬೇಡಿ ಎಂದು ಅದನ್ನು ಮಾಡಿಟ್ಟ ಅಂತರರಾಷ್ಟ್ರೀಯ ಆಯೋಗವೇ ಹೇಳಿದೆ. "ಸೊನ್ನೆ ಅಪಾಯ" ಎಂದು ನಾನು ಬರೆಯಲಾರೆ. ನಿಮ್ಮ ಮನೆಯವರ ಮಟ್ಟಿಗೆ, ಸಿಗರೇಟಿನ ಹೊಗೆ ಇರುವ ಕೋಣೆಯಲ್ಲಿ ಮಗನನ್ನು ಕೂರಿಸುವುದಕ್ಕಿಂತ ಇದು ತೀರಾ ಸಣ್ಣದು ಎಂದು ಧೈರ್ಯವಾಗಿ ಹೇಳಬಲ್ಲೆ.

ಈಗ ನಿಮ್ಮ ಹೆಂಡತಿಯ ವಿಷಯ. ಇದನ್ನು ಅವರಿಗೇ ಓದಲು ಕೊಡಿ. 1987ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಗ್ರೀಸ್ ದೇಶದ ಒಂದು ಅಧ್ಯಯನ ಬಂತು. ಚೆರ್ನೋಬಿಲ್ ಆದ ಮೇಲೆ ಅಲ್ಲಿ ಗಾಳಿಸುದ್ದಿ ಹಬ್ಬಿ, ವೈದ್ಯರೂ ಗಾಬರಿಯಾಗಿ, ಬೇಕೆಂದೇ ಹೊತ್ತ ಸುಮಾರು 2,500 ಬಸಿರುಗಳನ್ನು ತೆಗೆಸಿದ್ದರು. ಮುಂದಿನ ಜನವರಿಯಲ್ಲಿ ಹೆರಿಗೆಗಳೇ ಕುಸಿದವು. ಗ್ರೀಸ್‌ನಲ್ಲಿ ಸರಾಸರಿ ಬಿದ್ದ ವಿಕಿರಣ 1 ಮಿಲಿಸೀವರ್ಟ್‌ಗಿಂತ ಕಡಿಮೆ. ಹೊಟ್ಟೆಯಲ್ಲಿರುವ ಮಗುವಿಗೆ 100 ಮಿಲಿಸೀವರ್ಟ್ ತನಕ ಬಿದ್ದರೂ ಅದು ಗರ್ಭ ತೆಗೆಸಲು ಕಾರಣವಲ್ಲ ಎಂಬುದು ವೈದ್ಯಲೋಕದ ಒಪ್ಪಿತ ನಿಲುವು. ದೂರದ ಅಪಘಾತದಲ್ಲಿ ಆ ಮಟ್ಟದ ಹತ್ತಿರಕ್ಕೂ ಯಾರೂ ಹೋಗುವುದಿಲ್ಲ. ನನ್ನ ಪ್ರಕಾರ ದೂರದ ಅಪಘಾತವೊಂದು ಮಾಡಿದ ಅತಿ ದೊಡ್ಡ ಹಾನಿ ಇದೇ, ಮತ್ತು ಇದನ್ನು ಮಾಡಿದ್ದು ಭಯ.

ಹತ್ತಿರದವರನ್ನೂ ಭಯ ಬಿಡಲಿಲ್ಲ. ಫುಕುಶಿಮಾದಲ್ಲಿ ಆಸ್ಪತ್ರೆ ಮತ್ತು ವೃದ್ಧಾಶ್ರಮಗಳ ಹಾಸಿಗೆ ಹಿಡಿದವರನ್ನು ಸಿದ್ಧತೆಯಿಲ್ಲದೆ ಬಸ್ಸಿಗೆ ಹತ್ತಿಸಿ ಸಾಗಿಸಿದಾಗ ದಾರಿಯಲ್ಲೇ ಕೆಲವರು ಸತ್ತರು. ಸ್ಥಳಾಂತರ ಮತ್ತು ಅದರ ನಂತರದ ಪಾಡಿನಿಂದ ಆ ಪ್ರಾಂತ್ಯದಲ್ಲಿ ಸತ್ತವರು 2,000ಕ್ಕೂ ಹೆಚ್ಚು ಎಂದು ಸರ್ಕಾರವೇ ಲೆಕ್ಕ ಕೊಟ್ಟಿದೆ. ಆದರೆ ಅಲ್ಲಿನ ನಿವಾಸಿಗಳಲ್ಲಿ ನೇರವಾಗಿ ವಿಕಿರಣದಿಂದಲೇ ಆಯಿತೆನ್ನುವ ಆರೋಗ್ಯ ಹಾನಿ ದಾಖಲಾಗಿಲ್ಲ ಎಂಬುದು ವಿಶ್ವಸಂಸ್ಥೆಯ ಸಮಿತಿಯ ತೀರ್ಮಾನ.

ಮೀನು ತಿನ್ನಬಹುದೇ? 2011ರ ಆಗಸ್ಟ್‌ನಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ಬಳಿ ಹಿಡಿದ ಬ್ಲೂಫಿನ್ ಟ್ಯೂನಾ ಮೀನುಗಳಲ್ಲಿ ಫುಕುಶಿಮಾದ ಸೀಸಿಯಂ ಸಿಕ್ಕಿತು. ಜಪಾನಿನ ಕಡೆಯಿಂದ ಸಾಗರ ದಾಟಿ ಈಜಿ ಬಂದ ಮೀನುಗಳು ಅವು. ಎರಡು ಬಗೆಯ ಸೀಸಿಯಂ ಸೇರಿ ಒಣತೂಕದ ಕಿಲೋಗೆ ಸುಮಾರು 10 ಬೆಕೆರಲ್. ಅದೇ ಮೀನಿನಲ್ಲಿ ಹುಟ್ಟಿನಿಂದಲೇ ಇರುವ, ಪ್ರಕೃತಿಯದೇ ಆದ ವಿಕಿರಣಶೀಲ ವಸ್ತು ಪೊಟ್ಯಾಸಿಯಂ-40 ಕಿಲೋಗೆ 300 ಬೆಕೆರಲ್ ದಾಟಿತ್ತು. ಅಂದಹಾಗೆ, ನಿಮ್ಮ ದೇಹದಲ್ಲೂ ಈಗ ಅದು ಒಟ್ಟು 4,000 ಬೆಕೆರಲ್‌ನಷ್ಟಿದೆ. ಸ್ಥಾವರದ ಬಾಯಲ್ಲೇ ಹಿಡಿದ ಮೀನಿನ ಮಾತು ಬೇರೆ, ಅಲ್ಲಿ ಮೀನುಗಾರಿಕೆಯನ್ನೇ ನಿಲ್ಲಿಸಿದ್ದರು. ದೂರದ ಸಮುದ್ರದ ಮೀನು ಬಿಡಬೇಕಾಗಿಲ್ಲ.

ಇನ್ನು ನೀವು ಮಾಡಬೇಕಾದದ್ದು ತೀರಾ ಸ್ವಲ್ಪ. ದೊಡ್ಡ ಅಪಘಾತದ ಸುದ್ದಿ ಬಂದರೆ ಆ ದೇಶ ಏನು ಹೇಳುತ್ತದೆ ಎಂಬುದನ್ನೇ ನೆಚ್ಚಬೇಡಿ. ನಿಮ್ಮ ಸುತ್ತಿನ ಅಳತೆಯನ್ನು ನಿಮ್ಮ ದೇಶದ ವಿಕಿರಣ ಸುರಕ್ಷತಾ ಇಲಾಖೆ ಪ್ರಕಟಿಸುತ್ತದೆಯೇ ನೋಡಿ. ಪ್ರಕಟಣೆಯಲ್ಲಿ "ಸುರಕ್ಷಿತ" ಎಂಬ ಒಂದೇ ಪದವಿದ್ದರೆ ಸಾಲದು. ಯಾವ ವಸ್ತು, ಲೀಟರಿಗೆ ಅಥವಾ ಕಿಲೋಗೆ ಎಷ್ಟು ಬೆಕೆರಲ್, ಮಿತಿ ಎಷ್ಟು ಎಂದು ಇರಬೇಕು. ಶಿಶುಗಳ ಆಹಾರದಲ್ಲಿ ಅಯೋಡಿನ್-131ಕ್ಕೆ ಅಂತರರಾಷ್ಟ್ರೀಯ ಆಹಾರ ಮಾನದಂಡ ಕಿಲೋಗೆ 100 ಬೆಕೆರಲ್. ಅದನ್ನು ಪಕ್ಕಕ್ಕಿಟ್ಟು ಹೋಲಿಸಿ. ಧೂಳು ಹಾದುಹೋಗುವ ದಿನಗಳಲ್ಲೇ ಜೋರು ಮಳೆಯಾಗಿ, ಹಾಲು ಅಥವಾ ಸೊಪ್ಪಿನ ಬಗ್ಗೆ ಎಚ್ಚರಿಕೆ ಬಂದರೆ ದೂರ ಅಂತ ತಾತ್ಸಾರ ಮಾಡಬೇಡಿ. ಮಗನಿಗೆ ಅವರು ಹೇಳಿದಷ್ಟು ದಿನ ಹಳೆಯ ದಾಸ್ತಾನಿನ ಹಾಲಿನ ಪುಡಿ ಕೊಡಿ, ಹೊರಗೆ ಶೇಖರಿಸಿದ ಮಳೆನೀರು ಕುಡಿಸಬೇಡಿ. ಸೊಪ್ಪು ಚೆನ್ನಾಗಿ ತೊಳೆಯಿರಿ. ಎಚ್ಚರಿಕೆ ಇಲ್ಲದಿದ್ದರೂ ತೊಳೆಯುತ್ತೀರಿ, ಅಲ್ವಾ? ಮಾಸ್ಕ್, ಕಿಟಕಿಗೆ ಟೇಪು, ಇವೆಲ್ಲ ಅಷ್ಟು ದೂರದಲ್ಲಿ ದಂಡ.

ಅತ್ತೆ ತಮ್ಮ ಥೈರಾಯ್ಡ್ ಮಾತ್ರೆಯನ್ನು ದಿನವೂ ನುಂಗುತ್ತಿದ್ದರೆ ಅದನ್ನು ಹಾಗೇ ಮುಂದುವರಿಸಲಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಮುಂದೆ ಅವರಿಗೆ ಥೈರಾಯ್ಡ್ ಸ್ಕ್ಯಾನ್ ಬರೆದುಕೊಟ್ಟಿದ್ದು, ಈ ನಡುವೆ ಯಾರದೋ ಮಾತು ಕೇಳಿ ಅಯೋಡಿನ್ ತಗೊಂಡುಬಿಟ್ಟಿದ್ದರೆ ಮಾತ್ರ ಸ್ಕ್ಯಾನ್ ಮಾಡುವವರಿಗೆ ಮೊದಲೇ ತಿಳಿಸಿ. ಗ್ರಂಥಿ ತುಂಬಿದ್ದರೆ ಸ್ಕ್ಯಾನ್‌ನಲ್ಲಿ ಏನೂ ಸರಿಯಾಗಿ ಕಾಣುವುದಿಲ್ಲ, ಕೆಲವು ವಾರ ಮುಂದಕ್ಕೆ ಹಾಕಬೇಕಾಗುತ್ತದೆ.